ಗಲ್ಫ್ ಜೈಲಿನಲ್ಲಿ ನಮ್ಮ ಓಣಿ ಹುಡುಗ: ದಾವಣಗೆರೆಯಲ್ಲಿ ಕೂತು ಮನೆಯವರು ಏನು ಮಾಡಬಹುದು?

ಭಟ್ಟಿ ಓಣಿಯವನು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಸಲಹೆ ಬೇಕು.

ನಮ್ಮ ಪಕ್ಕದ ಮನೆ ಹುಡುಗ ಗಲ್ಫ್‌ನಲ್ಲಿ ಡ್ರೈವರ್. ತಂಗಿ ಮದುವೆಗೆ ರಜೆ ಹಾಕಿ ಬಂದಿದ್ದ. ವಾಪಸ್ ಹೊರಟಾಗ ಪರಿಚಯದವರೊಬ್ಬರು "ಅಲ್ಲಿ ನಮ್ಮವನಿಗೆ ಕೊಟ್ಟುಬಿಡಪ್ಪ" ಅಂತ ಒಂದು ಚೀಲ ಕೊಟ್ಟರು. ಮೇಲೆ ಅವಲಕ್ಕಿ, ಶೇಂಗಾ ಚಟ್ನಿಪುಡಿ. ಅಡಿಯಲ್ಲಿ ನೋವಿನ ಮಾತ್ರೆಯ ಪಟ್ಟಿಗಳು ಇದ್ದವಂತೆ. ಅಲ್ಲಿ ಏರ್‌ಪೋರ್ಟ್‌ನಲ್ಲೇ ಹಿಡಿದರು. ನಮಗೆ ಇದೆಲ್ಲ ತಿಳಿದದ್ದು ಅವನ ರೂಮಿನ ಹುಡುಗರಿಂದ. ಎರಡು-ಮೂರು ವಾರ ಆಯಿತು. ಅವನಿಂದ ಒಂದೇ ಫೋನ್ ಬಂದಿದೆ, ಅದೂ ಅರ್ಧಕ್ಕೆ ಕಟ್ ಆಯಿತು. ಯಾವ ಜೈಲು, ಏನು ಕೇಸು, ಒಂದೂ ಗೊತ್ತಿಲ್ಲ.

ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಓದು-ಬರಹ ಅಷ್ಟಕ್ಕಷ್ಟೆ. ಕಳಿಸಿದ ಏಜೆಂಟ್ "ಸುಮ್ನಿರಿ, ಎಂಬಸಿ ಗಿಂಬಸಿ ಅಂತ ಹೋದರೆ ಕೇಸ್ ಇನ್ನೂ ಬಿಗಿಯಾಗುತ್ತದೆ" ಅನ್ನುತ್ತಾನೆ. ಇನ್ನೊಬ್ಬ ಎರಡು ಲಕ್ಷ ಕೊಟ್ಟರೆ ಅಲ್ಲಿನ ಪೊಲೀಸರ ಹತ್ತಿರ ಮಾತಾಡಿಸುತ್ತೇನೆ ಅಂತ ಬಂದಿದ್ದಾನೆ. ತಾಯಿ ಓಲೆ, ಸರ ಮಾರಲು ತಯಾರಾಗಿದ್ದಾರೆ. ಯಾರ ಮಾತು ನಂಬುವುದು?

ಗಲ್ಫ್‌ನಿಂದ ವಾಪಸ್, ಹೊನ್ನಾಳಿ

ಮೊದಲು ಆ ತಾಯಿಗೆ ಹೇಳಿ, ಓಲೆ ಮಾರಬೇಡಿ ಅಂತ. ಎರಡು ಲಕ್ಷದವನನ್ನು ಬಾಗಿಲಿಂದಲೇ ಕಳಿಸಿ. ನಾನು ವರ್ಷಗಟ್ಟಲೆ ಅಲ್ಲಿದ್ದವನು. ಜೊತೆಯ ಹುಡುಗರನ್ನು ನೋಡಲು ಜೈಲಿಗೂ ಹೋಗಿದ್ದೇನೆ, ಊರಿಗೆ ವಾಪಸ್ ಕಳಿಸುವ ಮೊದಲು ಕೂಡಿಹಾಕುವ ಡಿಪೋರ್ಟೇಷನ್ ಸೆಂಟರ್‌ಗೂ ಹೋಗಿದ್ದೇನೆ. ಹೀಗೆ ಊರಲ್ಲಿ ದುಡ್ಡು ಎತ್ತಿದವರು ಒಬ್ಬರನ್ನಾದರೂ ಬಿಡಿಸಿದ್ದನ್ನು ನಾನು ಕಂಡಿಲ್ಲ.

ಫೋನ್ ಕಟ್ ಆಗಿದ್ದಕ್ಕೆ ಗಾಬರಿ ಬೇಡ. ಒಂದು ವಾರ್ಡಿಗೆಲ್ಲ ಸೇರಿ ಗೋಡೆಗೆ ಹಾಕಿದ ಒಂದೆರಡು ಫೋನ್ ಇರುತ್ತವೆ. ಕಾರ್ಡ್ ಕೊಂಡು ಮಾತಾಡಬೇಕು. ಹಿಂದೆ ಸಾಲು ನಿಂತಿರುತ್ತದೆ. ಸಿಗುವುದು ಎರಡು-ಮೂರು ನಿಮಿಷ. ನಮ್ಮ ಹುಡುಗರು ಅಷ್ಟನ್ನೂ "ಅಳಬೇಡಮ್ಮ, ಊಟ ಮಾಡಿದ್ದೇನೆ" ಅನ್ನುವುದರಲ್ಲೇ ಕಳೆಯುತ್ತಾರೆ. ಮನೆಯವರೂ ಅಷ್ಟೆ. ಹಾಗಾಗಿ ಇವತ್ತೇ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಫೋನ್ ಹತ್ತಿರ ಇಡಿ. ಯಾವ ಜೈಲು? ಕೇಸ್ ನಂಬರ್ ಏನು? ಮುಂದಿನ ತಾರೀಖು ಯಾವಾಗ? ಯಾವುದಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡರಾ? ಅದರಲ್ಲಿ ಏನಿದೆ ಅಂತ ಯಾರಾದರೂ ಓದಿ ಹೇಳಿದರಾ? ಎಂಬಸಿಯವರು ಬೇಕು ಅಂತ ಕೇಳಿದೆಯಾ?

ಕೊನೆಯದನ್ನು ಮೊದಲೇ ಕೇಳಿ. ಕೇಳಿಲ್ಲ ಅಂದರೆ "ದಿನಾ ಕೇಳು, ಸಿಕ್ಕ ಅಧಿಕಾರಿಗೆಲ್ಲ ಹೇಳು" ಅನ್ನಿ. "ಇಂಡಿಯನ್ ಎಂಬಸಿ" ಅಂದರೆ ಯಾವ ಭಾಷೆಯ ಕಾವಲುಗಾರನಿಗೂ ಅರ್ಥವಾಗುತ್ತದೆ.

ವಕೀಲೆ, ಹರಿಹರ

ಹೊನ್ನಾಳಿಯವರು ಹೇಳಿದ್ದಕ್ಕೆ ಕಾನೂನಿನ ಆಧಾರವೂ ಇದೆ. ಏಜೆಂಟ್ ಹೇಳುತ್ತಿರುವುದು ಪೂರ್ತಿ ಉಲ್ಟಾ.

1963ರಲ್ಲಿ ವಿಯೆನ್ನಾದಲ್ಲಿ ದೂತಾವಾಸಗಳ ಬಗ್ಗೆ ಒಂದು ಒಪ್ಪಂದ ಆಯಿತು. ಭಾರತ 1977ರಲ್ಲಿ ಸೇರಿತು. ಗಲ್ಫ್ ದೇಶಗಳೂ ಅದರಲ್ಲಿವೆ. ಅದರ 36ನೇ ಕಲಂ ಪ್ರಕಾರ, ಪರದೇಶದವನನ್ನು ಹಿಡಿದರೆ "ನಿಮ್ಮ ದೇಶದ ಕಚೇರಿಗೆ ತಿಳಿಸುವ ಹಕ್ಕು ನಿನಗಿದೆ" ಅಂತ ತಡಮಾಡದೆ ಅವನಿಗೆ ಹೇಳಬೇಕು. ಅವನು ಕೇಳಿದರೆ ಎಂಬಸಿಗೋ ಕಾನ್ಸುಲೇಟ್‌ಗೋ ಸುದ್ದಿ ಕೊಡಬೇಕು. ನಮ್ಮ ಅಧಿಕಾರಿ ಜೈಲಿಗೆ ಹೋಗಿ ಅವನನ್ನು ನೋಡಬಹುದು, ಮಾತಾಡಬಹುದು, ಪತ್ರ ಬರೆಯಬಹುದು, ವಕೀಲರನ್ನು ಗೊತ್ತು ಮಾಡಬಹುದು. ವಿಚಾರಣೆ ಕೈದಿಗೆ ಮಾತ್ರ ಅಲ್ಲ. ವಿಸಾ ಮುಗಿದು ಡಿಪೋರ್ಟೇಷನ್ ಸೆಂಟರ್‌ನಲ್ಲಿ ಕೂಡಿಹಾಕಿದವನಿಗೂ ಇದೇ ಹಕ್ಕು. "ಬೇರೆ ಯಾವುದೇ ರೀತಿಯಲ್ಲಿ ತಡೆದಿಟ್ಟವರು" ಅಂತಲೇ ಒಪ್ಪಂದದಲ್ಲಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ಎಂಬಸಿಗೆ ತಿಳಿಸಬೇಕಾಗಿರುವುದು "ಅವನು ಕೇಳಿದರೆ". ನಮ್ಮ ವಿದೇಶಾಂಗ ಸಚಿವಾಲಯವೂ ಸಂಸತ್ತಿನಲ್ಲಿ ಮತ್ತೆ ಮತ್ತೆ ಇದನ್ನೇ ಹೇಳುತ್ತದೆ. ಎಷ್ಟೋ ದೇಶಗಳ ಖಾಸಗಿತನದ ಕಾನೂನು ಬಿಗಿಯಾಗಿವೆ, ಕೈದಿ ಒಪ್ಪದಿದ್ದರೆ ಅವನು ಒಳಗಿದ್ದಾನೆ ಅನ್ನುವುದನ್ನೂ ಅಲ್ಲಿನವರು ನಮಗೆ ಹೇಳುವುದಿಲ್ಲ ಅಂತ. ಹುಡುಗ ಹೆದರಿ ಸುಮ್ಮನಿದ್ದರೆ, ಮನೆಯವರೂ ಸುಮ್ಮನಿದ್ದರೆ, ಎಂಬಸಿಗೆ ಸುದ್ದಿಯೇ ಮುಟ್ಟದೆ ತೀರ್ಪು ಬಂದುಬಿಡಬಹುದು. ಅದಕ್ಕೇ "ಸುಮ್ನಿರಿ" ಅನ್ನುವ ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಇವತ್ತೇ ಮಾಡಬೇಕಾದದ್ದು: 'ಮದದ್' ಅಂತ ವಿದೇಶಾಂಗ ಸಚಿವಾಲಯದ ಪೋರ್ಟಲ್ ಇದೆ, 2015ರಿಂದ ನಡೆಯುತ್ತಿದೆ. ಅದರಲ್ಲಿ ಜೈಲುವಾಸದ ದೂರಿಗೆ ಬೇರೆ ವಿಭಾಗವೇ ಇದೆ. ಅಲ್ಲಿ ದೂರು ಹಾಕಿ. ಅದೇ ವಿಷಯ ಎಂಬಸಿಗೆ ಇಮೇಲ್‌ನಲ್ಲೂ ಕಳಿಸಿ. ಪಾಸ್‌ಪೋರ್ಟ್ ನಕಲು, ವಿಸಾ ಅಥವಾ ಅಲ್ಲಿನ ಗುರುತಿನ ಚೀಟಿಯ ನಂಬರ್, ಕೆಲಸ ಕೊಟ್ಟವರ ಹೆಸರು, ಹೋದ ವಿಮಾನದ ಟಿಕೆಟ್, ಹಿಡಿದ ದಿನ ಇವಿಷ್ಟು ಬೇಕು. ರೂಮಿನ ಹುಡುಗರ ಹತ್ತಿರ ಇದರಲ್ಲಿ ಅರ್ಧ ಸಿಗುತ್ತದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಎಲ್ಲ ಮಾತೂ ಆ ನಂಬರ್ ಹಿಡಿದೇ ನಡೆಯುತ್ತದೆ.

ನಿವೃತ್ತ ಕಂದಾಯ ನೌಕರ, ಚಿತ್ರದುರ್ಗ

ವಕೀಲರು ಹೇಳಿದ 36ನೇ ಕಲಮನ್ನು ನಮ್ಮ ದೇಶವೇ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತ್ತು. ಕುಲಭೂಷಣ್ ಜಾಧವ್ ಕೇಸು. ಪಾಕಿಸ್ತಾನದವರು 2016ರ ಮಾರ್ಚ್ 3ರಂದು ಹಿಡಿದೆವು ಅಂದರು. ನಮಗೆ ತಿಳಿಸಿದ್ದು ಮಾರ್ಚ್ 25ಕ್ಕೆ. ಭೇಟಿಗೆ ಬಿಡಿ ಅಂತ ಭಾರತ ಎಷ್ಟು ಸಲ ಕೇಳಿದರೂ ಬಿಡಲಿಲ್ಲ. 2017ರ ಏಪ್ರಿಲ್‌ನಲ್ಲಿ ಮಿಲಿಟರಿ ಕೋರ್ಟು ಮರಣದಂಡನೆ ಕೊಟ್ಟಿತು. 2019ರ ಜುಲೈ 17ರಂದು ಹೇಗ್ ಕೋರ್ಟಿನ 16 ನ್ಯಾಯಮೂರ್ತಿಗಳಲ್ಲಿ 15 ಜನ ಭಾರತದ ಕಡೆ ನಿಂತರು. ಹಕ್ಕನ್ನು ತಿಳಿಸದೇ ಇದ್ದದ್ದು ತಪ್ಪು, ಭೇಟಿಗೆ ಬಿಡದಿದ್ದದ್ದು ತಪ್ಪು, ಸುದ್ದಿ ಕೊಡಲು ಮೂರು ವಾರ ತೆಗೆದುಕೊಂಡದ್ದೂ ತಪ್ಪು ಅಂತ ತೀರ್ಪು ಬಂತು.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಬೇಹುಗಾರಿಕೆ ಆರೋಪ ಇದ್ದವನಿಗೆ ಈ ಹಕ್ಕಿಲ್ಲ ಅಂತ ಪಾಕಿಸ್ತಾನ ವಾದಿಸಿತ್ತು. ಕೋರ್ಟು ಒಪ್ಪಲಿಲ್ಲ. ಆರೋಪ ಯಾವುದೇ ಇರಲಿ, ಹಕ್ಕು ಹಕ್ಕೇ.

ಜಗಳೂರಿನ ರೈತ

ನನ್ನದೊಂದು ಪ್ರಶ್ನೆ. ಸಿಟ್ಟಾಗಬೇಡಿ. ಮಾತ್ರೆ ಸಾಗಿಸಿದ್ದಾನೆ ಅಂದಮೇಲೆ ಆ ದೇಶದ ಕಾನೂನು ಮುರಿದಿದ್ದಾನೆ ಅಲ್ವಾ? ಅವರ ಊರಿಗೆ ಹೋದಮೇಲೆ ಅವರ ಕಾನೂನು ಪಾಲಿಸಬೇಕು. ನಮ್ಮ ತೆರಿಗೆ ಹಣದಲ್ಲಿ ಅವರಿಗೆಲ್ಲ ವಕೀಲರನ್ನು ಯಾಕೆ ಇಡಬೇಕು? ಇಲ್ಲಿ ಬೆಳೆ ಹೋಗಿ ಸಾಲಕ್ಕೆ ಸಿಕ್ಕಿಕೊಂಡವರನ್ನು ಕೇಳುವವರಿಲ್ಲ.

ಗಲ್ಫ್‌ನಿಂದ ವಾಪಸ್, ಹೊನ್ನಾಳಿ

ಅಣ್ಣಾ, ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಅದನ್ನು ಕೋರ್ಟು ಹೇಳಬೇಕು. ಅಲ್ಲಿಯ ಕೋರ್ಟು ಅರಬ್ಬಿಯಲ್ಲಿ ನಡೆಯುತ್ತದೆ. ದುಭಾಷಿ ಕೊಟ್ಟರೆ ಸಾಮಾನ್ಯವಾಗಿ ಉರ್ದು, ಹಿಂದಿಯವರನ್ನು ಕೊಡುತ್ತಾರೆ. ಇವನಿಗೆ ಉರ್ದು ಬರಬಹುದು. ಜಗಳೂರಿನ ಹಳ್ಳಿಯಿಂದ ಹೋದ ಹುಡುಗನಿಗೆ? "ಚೀಲ ನಿನ್ನದಾ?" ಅಂತ ಕೇಳುತ್ತಾರೆ. ಕೈಯಲ್ಲಿ ಹಿಡಿದಿದ್ದು ತಾನೇ ಅಂತ ಅವನು "ಹೌದು" ಅನ್ನುತ್ತಾನೆ. ಕಾಗದದ ಮೇಲೆ ಅದು ತಪ್ಪೊಪ್ಪಿಗೆ ಆಗಿಬಿಡುತ್ತದೆ. ಇದು ನನ್ನ ಕಣ್ಣೆದುರು ಆಗಿದೆ. ಒಬ್ಬ ಅಡಿಗೆ ಕೆಲಸದ ಹುಡುಗ, ಏನಕ್ಕೆ ಸಹಿ ಹಾಕಿದೆ ಅನ್ನುವುದು ಅವನಿಗೆ ತಿಳಿದದ್ದು ಶಿಕ್ಷೆ ಆದಮೇಲೆ.

ವಕೀಲೆ, ಹರಿಹರ

ಜಗಳೂರಿನವರ ಪ್ರಶ್ನೆ ನ್ಯಾಯವಾದದ್ದೇ. ತುಂಬ ಜನ ಮನಸ್ಸಿನಲ್ಲಿ ಇಟ್ಟುಕೊಂಡು ಕೇಳದೇ ಇರುವುದನ್ನು ಅವರು ಕೇಳಿದ್ದಾರೆ.

ಎಂಬಸಿ ಯಾರನ್ನೂ ಜೈಲಿನಿಂದ ಬಿಡಿಸಿಕೊಂಡು ಬರುವುದಿಲ್ಲ. ಅಲ್ಲಿನ ಕೋರ್ಟಿನಲ್ಲಿ ಕೈ ಹಾಕುವುದಿಲ್ಲ. ವಕಾಲತ್ತು ಹಾಕಿ ವಾದಿಸುವುದೂ ಇಲ್ಲ. ವಿಚಾರಣೆ ಸರಿಯಾಗಿ ನಡೆಯುತ್ತಿದೆಯಾ, ಹೊಡೆದಿದ್ದಾರಾ, ಔಷಧಿ ಸಿಗುತ್ತಿದೆಯಾ, ಆರೋಪ ಏನು ಅಂತ ಅವನಿಗೆ ಅರ್ಥವಾಗಿದೆಯಾ, ಇದನ್ನು ನೋಡುತ್ತದೆ. ಹಣದ ವಿಷಯಕ್ಕೆ ಬಂದರೆ, 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಶುರು ಮಾಡಿದರು. ಬಡವರಿಗೆ ವಕೀಲರ ಖರ್ಚು, ಸಣ್ಣ ದಂಡ ಕಟ್ಟುವುದು, ಊರಿಗೆ ಬರುವ ಟಿಕೆಟ್, ತೀರಿಹೋದವರ ದೇಹ ಕಳಿಸುವುದು ಇದಕ್ಕೆಲ್ಲ ಅದರಿಂದ ಕೊಡಬಹುದು. ಆ ನಿಧಿಗೆ ಹಣ ಬರುವುದು ಬಹುಪಾಲು ಪಾಸ್‌ಪೋರ್ಟ್, ವಿಸಾದಂಥ ಕಾನ್ಸುಲರ್ ಸೇವೆಗಳಿಗೆ ಅಲ್ಲಿನ ನಮ್ಮ ಜನರೇ ಕಟ್ಟುವ ಶುಲ್ಕದಿಂದ. ನಿಮ್ಮ ಬೆಳೆ ವಿಮೆ ದುಡ್ಡು ಅಲ್ಲಿಗೆ ಹೋಗುತ್ತಿಲ್ಲ.

ಇನ್ನೊಂದು ಮಾತು. ನಮ್ಮ ಜೈಲುಗಳಲ್ಲೂ ಪರದೇಶದವರು ಇದ್ದಾರೆ. ಇದೇ ಕಲಮಿನ ಪ್ರಕಾರ ಅವರ ದೇಶದ ಅಧಿಕಾರಿಗಳು ಇಲ್ಲಿ ಬಂದು ನೋಡುತ್ತಾರೆ. ನಾವು ಕೊಟ್ಟರೆ ನಾವು ಕೇಳಬಹುದು.

2025ರಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ವಿದೇಶಿ ಜೈಲುಗಳಲ್ಲಿ 10 ಸಾವಿರಕ್ಕೂ ಹೆಚ್ಚು ಭಾರತೀಯರಿದ್ದರು. ಸೌದಿ ಮತ್ತು ಯುಎಇ ಎರಡರಲ್ಲೇ ಹತ್ತಿರ ಹತ್ತಿರ ಅರ್ಧ. ವಿಚಾರಣೆ ಮುಗಿಯದವರೂ ಇದರಲ್ಲಿ ಸೇರಿದ್ದಾರೆ.

ಭಟ್ಟಿ ಓಣಿಯವನು, ದಾವಣಗೆರೆ

ಮದದ್‌ನಲ್ಲಿ ದೂರು ಹಾಕಿದೆವು. ನಂಬರ್ ಬಂತು. ಎಂಬಸಿಗೂ ಇಮೇಲ್ ಹೋಯಿತು. ಎರಡು ಲಕ್ಷದವನನ್ನು ಅಪ್ಪನೇ ಬೈದು ಕಳಿಸಿದರು.

ಈಗ ಒಂದು ಹೊಸ ವಿಷಯ. ಚೀಲ ಕೊಟ್ಟವರು ಹಿಂದಿನ ದಿನ ಹುಡುಗನ ತಂಗಿ ಫೋನಿಗೆ ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. "ಅವಲಕ್ಕಿ ಚಟ್ನಿಪುಡಿ ಅಷ್ಟೇ ಇರೋದು, ಬಿಚ್ಚಬೇಡಿ, ಚೆಲ್ಲುತ್ತೆ" ಅಂತ. ಇದರಿಂದ ಏನಾದರೂ ಉಪಯೋಗ ಇದೆಯಾ? ಪೊಲೀಸರಿಗೆ ಹೇಳೋಣ ಅಂದರೆ ಮನೆಯವರು ಹೆದರುತ್ತಾರೆ. ಅವರೂ ಇದೇ ಓಣಿಯವರು. ನಾಳೆ ಎದುರಾಬದುರಾ ಓಡಾಡಬೇಕು.

ಲಾ ಓದುತ್ತಿರುವವಳು, ದಾವಣಗೆರೆ

ಆ ಮೆಸೇಜ್ ಅಳಿಸಬೇಡಿ! ಫೋನ್ ರಿಪೇರಿಗೂ ಕೊಡಬೇಡಿ, ಮಾರಬೇಡಿ, ವಾಟ್ಸಾಪ್ ಅಪ್‌ಡೇಟ್ ಅಂತ ಏನೂ ಒತ್ತಬೇಡಿ.

2019ರಲ್ಲಿ ಮುಂಬೈನ ಗಂಡ-ಹೆಂಡತಿ ಕತಾರ್‌ಗೆ ಹೋಗಿದ್ದರು. ಹನಿಮೂನ್ ಪ್ಯಾಕೇಜ್ ಅಂತ ಸಂಬಂಧಿಕರೇ ಕಳಿಸಿದ್ದು. ಜೊತೆಗೆ ಒಂದು ಪೊಟ್ಟಣ. ದೋಹಾದಲ್ಲಿ ತೆರೆದರೆ ಸುಮಾರು 4 ಕೆಜಿ ಹಶೀಶ್. ಇಬ್ಬರಿಗೂ 10 ವರ್ಷ ಶಿಕ್ಷೆ ಆಯಿತು. ಹೆಂಡತಿ ಗರ್ಭಿಣಿ, ಹೆರಿಗೆ ಜೈಲಿನಲ್ಲೇ ಆಯಿತು. ಮನೆಯವರು ಕೈಚೆಲ್ಲಿ ಕೂರಲಿಲ್ಲ. ಇಲ್ಲಿ ಮಾದಕ ವಸ್ತು ನಿಯಂತ್ರಣ ಬ್ಯೂರೋಗೆ ದೂರು ಕೊಟ್ಟರು. ಗಂಡ ಊರಲ್ಲೇ ಬಿಟ್ಟು ಹೋಗಿದ್ದ ಹಳೇ ಫೋನಿನಲ್ಲಿ ಮಾತುಕತೆ ರೆಕಾರ್ಡ್ ಆಗಿತ್ತು. ಪೊಟ್ಟಣದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ ಆಯಿತು. ಬ್ಯೂರೋದ ತನಿಖೆಯನ್ನು ಸರ್ಕಾರದ ಮೂಲಕ ಕತಾರ್‌ಗೆ ಮುಟ್ಟಿಸಿದರು. ಅಲ್ಲಿನ ಮೇಲಿನ ಕೋರ್ಟು ಕೇಸನ್ನು ಮತ್ತೆ ನಡೆಸಲು ಹೇಳಿತು. 2021ರಲ್ಲಿ ಇಬ್ಬರೂ ಬಿಡುಗಡೆಯಾಗಿ ಮಗುವಿನ ಜೊತೆ ಊರಿಗೆ ಬಂದರು.

ಓಣಿಯವರು ಅನ್ನುವ ದಾಕ್ಷಿಣ್ಯ ನನಗೂ ಅರ್ಥವಾಗುತ್ತದೆ. ಆದರೆ ಇಲ್ಲಿ ಒಂದು ಎಫ್‌ಐಆರ್ ಆಗದಿದ್ದರೆ ಅಲ್ಲಿ ಅವನು ಹೇಳುವ ಮಾತಿಗೆ ಆಧಾರವೇ ಇರುವುದಿಲ್ಲ.

ನಿವೃತ್ತ ಕಂದಾಯ ನೌಕರ, ಚಿತ್ರದುರ್ಗ

ಕುಂದಾಪುರ ಕಡೆಯ ಎಸಿ ಮೆಕ್ಯಾನಿಕ್‌ನ ಕಥೆಯೂ ಹೀಗೇ ಅಲ್ವಾ? 2019ರ ಡಿಸೆಂಬರ್‌ನಲ್ಲಿ ಸೌದಿಯಲ್ಲಿ ಹಿಡಿದರು. ಅವನ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಮೆಕ್ಕಾ ಬಗ್ಗೆ, ಅಲ್ಲಿನ ಯುವರಾಜನ ಬಗ್ಗೆ ಕೆಟ್ಟ ಪೋಸ್ಟ್ ಇತ್ತು. ಹೆಂಡತಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಜಾಡು ಹಿಡಿದಾಗ ಅದು ನಕಲಿ ಖಾತೆ, ಮೂಡುಬಿದಿರೆಯ ಇಬ್ಬರು ಮಾಡಿದ್ದು ಅಂತ ಗೊತ್ತಾಯಿತು. ಆ ದಾಖಲೆ ಸೌದಿಗೆ ಹೋಯಿತು. 2021ರ ಆಗಸ್ಟ್‌ನಲ್ಲಿ ಆತ ಊರಿಗೆ ಬಂದರು. ಬಿಡುಗಡೆಗೆ ದಾರಿ ತೆರೆದದ್ದು ಉಡುಪಿಯ ಒಂದು ಪೊಲೀಸ್ ಠಾಣೆ.

ವಕೀಲೆ, ಹರಿಹರ

ಇಬ್ಬರೂ ಸರಿಯಾಗಿ ಹೇಳಿದ್ದೀರಿ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಕ್ಕೆ ನಮ್ಮ ಜಿಲ್ಲೆಯಲ್ಲೂ ಸಿಇಎನ್ ಠಾಣೆ ಇದೆ. ಅಲ್ಲಿ ದೂರು ಕೊಡಿ. ಆ ಮಾತ್ರೆ ಟ್ರಮಡಾಲ್ ಆಗಿದ್ದರೆ ಇಲ್ಲೂ ಅದು 2018ರಿಂದ ಮಾದಕ ವಸ್ತು ಕಾಯ್ದೆಗೆ ಸೇರಿದ ಮಾತ್ರೆ. ಇಷ್ಟೊಂದು ಪಟ್ಟಿ ಎಲ್ಲಿಂದ ಬಂತು ಅಂತ ಪೊಲೀಸರು ಕೇಳಲೇಬೇಕು. ವಾಯ್ಸ್ ಮೆಸೇಜ್ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದನ್ನು ನಾನು ತಯಾರು ಮಾಡಿಕೊಡುತ್ತೇನೆ, ಫೀಸ್ ಬೇಡ. ಎಫ್‌ಐಆರ್ ನಕಲನ್ನು ಇಂಗ್ಲಿಷ್‌ಗೆ ಮಾಡಿಸಿ ಅದೇ ಮದದ್ ನಂಬರಿಗೆ ಸೇರಿಸೋಣ.

ಜಗಳೂರಿನ ರೈತ

ಕತಾರ್ ವಿಷಯ ನನಗೆ ಗೊತ್ತಿರಲಿಲ್ಲ. ಹೆರಿಗೆ ಜೈಲಿನಲ್ಲಿ ಆಯಿತು ಅನ್ನುವುದನ್ನು ಓದಿ ಹೊಟ್ಟೆ ಉರಿಯಿತು. ನಮ್ಮ ಕಡೆಯಿಂದಲೂ ಇಬ್ಬರು ಹುಡುಗರು ಹೊರಟಿದ್ದಾರೆ. ಏನು ಒಯ್ಯಬಾರದು ಅಂತ ಯಾರಾದರೂ ಬರೆದರೆ ಅವರಿಗೆ ಕಳಿಸುತ್ತೇನೆ.

ಗಲ್ಫ್‌ನಿಂದ ವಾಪಸ್, ಹೊನ್ನಾಳಿ

ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಗಸಗಸೆಗೆ. ಇಲ್ಲಿ ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಯುಎಇ, ಸೌದಿಯಲ್ಲಿ ನಿಷೇಧ. ಅಫೀಮು ಗಿಡದ ಬೀಜ ಅಂತ ಅವರ ಲೆಕ್ಕ. ಸಿಂಗಾಪುರದಲ್ಲೂ ಹಾಗೇ. ಅಮ್ಮ ಪ್ರೀತಿಯಿಂದ ಮಸಾಲೆ ಪುಡಿಗೆ ಹಾಕಿದ್ದರೂ ಮಗನಿಗೆ ತೊಂದರೆ. ಇನ್ನು ಮಾತ್ರೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ಕೆಲವು ನಿದ್ದೆ ಮಾತ್ರೆ, ನರಗಳ ಮಾತ್ರೆ ಇವಕ್ಕೆ ಡಾಕ್ಟರ್ ಚೀಟಿ ಇದ್ದರೂ ಮೊದಲೇ ಅಲ್ಲಿನ ಆರೋಗ್ಯ ಇಲಾಖೆಯ ಒಪ್ಪಿಗೆ ಪಡೆಯಬೇಕಾಗುತ್ತದೆ.

ಬೇರೆಯವರ ಚೀಲವನ್ನು ಅಣ್ಣ ಕೊಟ್ಟರೂ ಒಯ್ಯಬೇಡಿ. ಒಯ್ಯಲೇಬೇಕು ಅಂದರೆ ಅವರ ಎದುರಿಗೇ ಬಿಚ್ಚಿ, ಒಂದೊಂದನ್ನೂ ನೋಡಿ, ನಿಮ್ಮ ಕೈಯಿಂದಲೇ ಮತ್ತೆ ಕಟ್ಟಿ.

ಟೀಚರ್, ಚನ್ನಗಿರಿ ತಾಲ್ಲೂಕು

ಇಲ್ಲಿ ಎಲ್ಲರೂ ಗಲ್ಫ್ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ತಾಲ್ಲೂಕಿನ ಹಕ್ಕಿಪಿಕ್ಕಿ ಕ್ಯಾಂಪ್‌ಗಳನ್ನು ಮರೆಯಬೇಡಿ. ಇಲ್ಲಿಂದ ಜನ ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ. ಗಿಡಮೂಲಿಕೆ ಎಣ್ಣೆ ಮಾರುತ್ತಾರೆ, ಮಸಾಜ್ ಮಾಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಇವರ ಹೆಸರು ಎಲ್ಲ ಪೇಪರ್‌ನಲ್ಲಿ ಬಂತು. ಸರ್ಕಾರ ಆಪರೇಷನ್ ಕಾವೇರಿ ಮಾಡಿ ಕರೆತಂದಿತು. ಆಗ ಇಡೀ ದೇಶ ನೋಡಿತು. ಆದರೆ ಒಬ್ಬರೋ ಇಬ್ಬರೋ ವಿಸಾ ತೊಂದರೆಗೆ ಸಿಕ್ಕಿ ಎಲ್ಲೋ ಒಂದು ಠಾಣೆಯಲ್ಲಿ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಶಾಲೆಯ ಮಕ್ಕಳ ಅಪ್ಪ-ಅಮ್ಮಂದಿರು ಮನೆಯಲ್ಲಿ ವಾಗ್ರಿ ಮಾತಾಡುತ್ತಾರೆ. ಕನ್ನಡ ಚೆನ್ನಾಗಿ ಬರುತ್ತದೆ, ಓದಲು ಎಷ್ಟೋ ಜನರಿಗೆ ಬರುವುದಿಲ್ಲ. ವಿಸಾ ಮೇಲೆ ಪ್ರವಾಸಿ ಅಂತ ಇರುತ್ತದೆ, ಹೋಗಿ ಮಾಡುವುದು ವ್ಯಾಪಾರ. ಹಿಡಿದರೆ ಅದೇ ಅಪರಾಧ. ಹೋಗುವ ಎಲ್ಲ ಕಡೆ ನಮ್ಮ ಎಂಬಸಿಯೂ ಇರುವುದಿಲ್ಲ. 2018ರಲ್ಲಿ ಸರ್ಕಾರ ಆಫ್ರಿಕಾದಲ್ಲಿ 18 ಹೊಸ ಕಚೇರಿ ತೆರೆಯಲು ಒಪ್ಪಿತು, ಒಳ್ಳೆಯದಾಯಿತು. ಆದರೂ ಕೆಲವು ದೇಶಗಳನ್ನು ಪಕ್ಕದ ದೇಶದ ಎಂಬಸಿಯೇ ನೋಡಿಕೊಳ್ಳುತ್ತದೆ. ಇಂಥವರಿಗೆ ಮದದ್, 36ನೇ ಕಲಂ ಅಂದರೆ ಏನು ತಿಳಿಯಬೇಕು? ಇವರಿಗೆ ಇದನ್ನು ಹೋಗುವ ಮೊದಲು, ಕ್ಯಾಂಪ್‌ನಲ್ಲೇ ಕೂತು, ಬಾಯಲ್ಲಿ ಹೇಳಬೇಕು.

ವಕೀಲೆ, ಹರಿಹರ

ಟೀಚರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಹಳ್ಳಿಗಳಲ್ಲಿ ಅರಿವು ಶಿಬಿರ ಮಾಡುತ್ತಾರೆ. ಈ ವಿಷಯವನ್ನೂ ಸೇರಿಸಿ ಅಂತ ನೀವು ಶಾಲೆಯಿಂದ ಅರ್ಜಿ ಕೊಡಿ, ನಾನೂ ಸಹಿ ಹಾಕುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಪರದೇಶದ ಕೋರ್ಟಿಗೆ ಅದು ನಡೆಯುವುದಿಲ್ಲ. ಆದರೆ ಇಲ್ಲಿ ದೂರು ಬರೆಯಲು, ಬೇಕಾದರೆ ಹೈಕೋರ್ಟಿಗೆ ಹೋಗಲು ಸಹಾಯ ಆಗುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಲಾ ಓದುತ್ತಿರುವವಳು, ದಾವಣಗೆರೆ

ಒಂದು ಸಂದೇಹ ಮೇಡಂ. ಎಂಬಸಿಯವರು ಹೋಗಿ ನೋಡಲೇ ಇಲ್ಲ ಅಂದರೆ? ಆಗ ಮನೆಯವರು ಯಾವ ಕಾನೂನು ತೋರಿಸಬೇಕು? 36ನೇ ಕಲಂ ಆ ದೇಶದ ಕೈ ಕಟ್ಟುತ್ತದೆ. ನಮ್ಮ ಅಧಿಕಾರಿ ಹೋಗಲೇಬೇಕು ಅಂತ ಅದರಲ್ಲಿಲ್ಲ. 2001ರಲ್ಲಿ, ಜರ್ಮನಿ ಅಮೆರಿಕದ ಮೇಲೆ ಹಾಕಿದ್ದ ಲಾಗ್ರಾಂಡ್ ಕೇಸಿನಲ್ಲಿ ಹೇಗ್ ಕೋರ್ಟು ಈ ಹಕ್ಕು ದೇಶದ್ದು ಮಾತ್ರ ಅಲ್ಲ, ಬಂಧಿತ ಮನುಷ್ಯನದೂ ಹೌದು ಅಂತ ಹೇಳಿತು. ಸರಿ. ಆದರೆ ಆ ಮನುಷ್ಯ ಅದನ್ನು ತನ್ನದೇ ಸರ್ಕಾರದ ಮುಂದೆ ಹೇಗೆ ಕೇಳುವುದು?

ಜರ್ಮನಿಯಲ್ಲಿ 1974ರ ಕಾನ್ಸುಲರ್ ಕಾಯ್ದೆ ಇದೆ. ಪರದೇಶದ ಜೈಲಿನಲ್ಲಿರುವ ಜರ್ಮನ್ ಕೈದಿ ಕೇಳಿದರೆ ಅವನನ್ನು ನೋಡಿಕೊಳ್ಳುವುದು, ವಕೀಲರ ನೆರವು ಸಿಗುವ ಹಾಗೆ ಮಾಡುವುದು ಅಧಿಕಾರಿಯ ಕೆಲಸ ಅಂತ ಅದರಲ್ಲಿ ಬರೆದಿದೆ. ನಮ್ಮಲ್ಲಿ ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಇರುವುದು 1983ರ ವಲಸೆ ಕಾಯ್ದೆ. ಅದು ಏಜೆಂಟ್ ನೋಂದಣಿ, ಹೋಗಲು ಅನುಮತಿ ಇವುಗಳ ಸುತ್ತಲೇ ಇದೆ. ಒಳಗೆ ಹಾಕಿದರೆ ನಮ್ಮವರು ಇಷ್ಟು ದಿನದಲ್ಲಿ ಬಂದು ನೋಡಬೇಕು ಅನ್ನುವ ಒಂದು ಸಾಲು ಎಲ್ಲೂ ಇಲ್ಲ. ಒಳ್ಳೆ ಅಧಿಕಾರಿ ಸಿಕ್ಕರೆ ನಮ್ಮ ಪುಣ್ಯ ಅನ್ನುವ ಹಾಗೆ ಇದು ಇರಬಾರದು.

ನಿವೃತ್ತ ಕಂದಾಯ ನೌಕರ, ಚಿತ್ರದುರ್ಗ

ನಾನು ಇದಕ್ಕೆ ಪೂರ್ತಿ ಒಪ್ಪುತ್ತೇನೆ. ಕಚೇರಿಯಲ್ಲಿ ಇಷ್ಟು ವರ್ಷ ಕೂತವನಾಗಿ ಹೇಳುತ್ತೇನೆ, ಗಡುವು ಬರೆಯದ ಕೆಲಸ ಕಡತದಲ್ಲಿ ಅಡಿಗೆ ಹೋಗುತ್ತದೆ. ಕತಾರ್‌ನಲ್ಲಿ ನಮ್ಮ ನೌಕಾಪಡೆಯ ಎಂಟು ಮಾಜಿ ಸಿಬ್ಬಂದಿಗೆ 2023ರ ಅಕ್ಟೋಬರ್‌ನಲ್ಲಿ ಮರಣದಂಡನೆ ಆಯಿತು. ದೇಶಕ್ಕೆ ದೇಶವೇ ಮಾತಾಡಿತು. 2024ರ ಫೆಬ್ರವರಿಯಲ್ಲಿ ಬಿಡುಗಡೆ ಆಯಿತು. ಸಂತೋಷ. ಮನಸ್ಸು ಮಾಡಿದರೆ ಆಗುತ್ತದೆ ಅಂತ ತಿಳಿಯಿತಲ್ಲ. ಡ್ರೈವರ್‌ಗೂ ಮನೆಗೆಲಸದ ಹೆಂಗಸಿಗೂ ಅಷ್ಟಲ್ಲದಿದ್ದರೂ ಒಂದು ಭೇಟಿ ಗ್ಯಾರಂಟಿ ಇರಬೇಕು. ನಮ್ಮ ಎರಡೂ ಜಿಲ್ಲೆಯ ಸಂಸದರಿಗೆ ಪತ್ರ ಬರೆಯೋಣ. ಸಂಸತ್ತಿನಲ್ಲಿ ಪ್ರಶ್ನೆ ಹಾಕಿದರೆ ಸಚಿವಾಲಯ ಲಿಖಿತ ಉತ್ತರ ಕೊಡಲೇಬೇಕು. ಜಿಲ್ಲಾವಾರು ಲೆಕ್ಕ ಕೇಳಲಿ. ಕರಡು ನಾನು ಬರೆಯುತ್ತೇನೆ.

ಹಿರಿಯೂರಿನ ಓದುಗ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಸಂಬಂಧಿಕರೊಬ್ಬರಿಗೆ ಗಲ್ಫ್‌ನಲ್ಲಿ ಶಿಕ್ಷೆ ಆಗಿಹೋಗಿದೆ, ಅಪೀಲೂ ಮುಗಿದಿದೆ. ಉಳಿದ ಶಿಕ್ಷೆಯನ್ನು ಇಲ್ಲಿಯ ಜೈಲಿನಲ್ಲಿ ಕಳೆಯಬಹುದು ಅಂತ ಕೇಳಿದ್ದೇವೆ. ನಿಜಾನಾ?

ವಕೀಲೆ, ಹರಿಹರ

ನಿಜ. 2003ರಲ್ಲಿ ಕೈದಿಗಳ ವರ್ಗಾವಣೆಗೆ ಅಂತಲೇ ಕಾಯ್ದೆ ಆಯಿತು. ಯುಎಇ, ಸೌದಿ, ಕತಾರ್, ಕುವೈತ್ ಸೇರಿ ಹಲವು ದೇಶಗಳ ಜೊತೆ ಒಪ್ಪಂದ ಇದೆ. ತೀರ್ಪು ಅಂತಿಮ ಆಗಿರಬೇಕು, ಬೇರೆ ಕೇಸು ಬಾಕಿ ಇರಬಾರದು, ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಶಿಕ್ಷೆ ಉಳಿದಿರಬೇಕು, ಮರಣದಂಡನೆ ಆಗಿರಬಾರದು, ಮಾಡಿದ್ದು ಇಲ್ಲೂ ಅಪರಾಧ ಆಗಿರಬೇಕು. ಕೈದಿ, ಆ ದೇಶ, ನಮ್ಮ ದೇಶ ಮೂವರೂ ಒಪ್ಪಬೇಕು. ಅರ್ಜಿ ಅವರು ಜೈಲಿನಿಂದಲೇ ಕೊಡಬೇಕು.

ಹೀಗೆ ಬಂದವರು ಮಾತ್ರ ತುಂಬ ಕಡಿಮೆ. ಕಾಗದ ಎರಡು ದೇಶಗಳ ಮಧ್ಯೆ ಓಡಾಡುವುದೇ ವರ್ಷಗಟ್ಟಲೆ. ಇನ್ನೊಂದು ಕಾರಣ ಕೈದಿಗಳೇ ಹೇಳುತ್ತಾರೆ. ಗಲ್ಫ್‌ನಲ್ಲಿ ರಂಜಾನ್‌ಗೆ, ಈದ್‌ಗೆ, ರಾಷ್ಟ್ರೀಯ ದಿನಕ್ಕೆ ಕ್ಷಮಾದಾನ ಕೊಡುತ್ತಾರೆ. ಇಲ್ಲಿಗೆ ಬಂದರೆ ಆ ಅವಕಾಶ ಹೋಗುತ್ತದೆ, ಪೂರ್ತಿ ಕಳೆಯಬೇಕಾಗಬಹುದು. ಹಾಗಾಗಿ ಅವರ ಜೊತೆ ಮಾತಾಡಿ, ಲೆಕ್ಕ ಹಾಕಿ, ಆಮೇಲೆ ಅರ್ಜಿ ಕೊಡಿಸಿ.

ಭಟ್ಟಿ ಓಣಿಯವನು, ದಾವಣಗೆರೆ

ಎಂಬಸಿಯಿಂದ ಉತ್ತರ ಬಂತು. ಹುಡುಗ ಯಾವ ಜೈಲಿನಲ್ಲಿದ್ದಾನೆ ಅಂತ ತಿಳಿಸಿದ್ದಾರೆ, ಭೇಟಿಗೆ ಅನುಮತಿ ಕೇಳಿದ್ದಾರೆ. ನಿನ್ನೆ ಅವನ ಫೋನೂ ಬಂತು. ತಂಗಿ ಹಾಳೆ ಹಿಡಿದು ಕೇಳಿದಳು. ಕೇಸ್ ನಂಬರ್ ಸಿಕ್ಕಿತು. ಒಂದು ಅರಬ್ಬಿ ಕಾಗದಕ್ಕೆ ಸಹಿ ಹಾಕಿದ್ದಾನಂತೆ, ಓದಿ ಹೇಳಲಿಲ್ಲವಂತೆ. ಅದನ್ನೂ ಮದದ್‌ನಲ್ಲಿ ಸೇರಿಸಿದ್ದೇವೆ. ಸಿಇಎನ್ ಠಾಣೆಗೆ ನಾಳೆ ಅಪ್ಪ, ತಂಗಿ, ನಾನು ಹೋಗುತ್ತೇವೆ.

ಅಲ್ಲಿ ವಕೀಲರನ್ನು ಇಟ್ಟರೆ ಅಪ್ಪನ ಕಡೆಯಿಂದ ಅಧಿಕಾರ ಪತ್ರ ಬೇಕು ಅನ್ನುತ್ತಿದ್ದಾರೆ. ಅದು ಇಲ್ಲಿ ಸ್ಟ್ಯಾಂಪ್ ಪೇಪರ್ ಮೇಲೆ ಬರೆದರೆ ಸಾಕಾ?

ವಕೀಲೆ, ಹರಿಹರ

ಸಾಕಾಗುವುದಿಲ್ಲ. ಇಲ್ಲಿ ನೋಟರಿ ಮಾಡಿಸಿ, ರಾಜ್ಯ ಸರ್ಕಾರದ ದೃಢೀಕರಣ ಆಗಿ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳಬೇಕು. ಸೌದಿ ಆದರೆ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್ ಮುದ್ರೆ (ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ದೃಢೀಕರಣ) ನಡೆಯುತ್ತದೆ. ಯುಎಇ, ಕುವೈತ್, ಕತಾರ್ ಆದರೆ ಆ ದೇಶದ ಎಂಬಸಿಯ ಮುದ್ರೆಯೂ ಬೇಕು, ಅರಬ್ಬಿ ಅನುವಾದವೂ ಬೇಕು. ಸಹಿ ಮಾಡುವ ಮೊದಲು ಅಲ್ಲಿನ ವಕೀಲರಿಂದ ಕರಡು ತರಿಸಿಕೊಳ್ಳಿ, ಯಾವ ಅಧಿಕಾರ ಬರೆಯಬೇಕು ಅನ್ನುವುದು ಅವರ ಕೋರ್ಟಿನ ಪ್ರಕಾರ ಇರಬೇಕು. ಹಣ ಪಡೆಯುವ ಅಧಿಕಾರ, ರಾಜಿ ಮಾಡುವ ಅಧಿಕಾರ ಅಂತ ಸುಮ್ನೆ ಸೇರಿಸಿದ್ದರೆ ಹೊಡೆದು ಹಾಕಿ. ನಾಳೆ ಠಾಣೆ ಕೆಲಸ ಮುಗಿಸಿ ಜಿಲ್ಲಾ ಕೋರ್ಟಿನ ಹತ್ತಿರ ಬನ್ನಿ, ಮಧ್ಯಾಹ್ನದ ಮೇಲೆ ನಾನು ಅಲ್ಲೇ ಇರುತ್ತೇನೆ. ತಂಗಿಯ ಫೋನ್ ತರಲು ಮರೆಯಬೇಡಿ, ಚಾರ್ಜರ್ ಸಮೇತ.